ನಾಲ್ಕು ಸಾಲಿನ ಥ್ಯಾಂಕ್ಸ್ ಪತ್ರ: ‘ದುಂದು’ ಚೀನೀ ಭಾಷೆಯಿಂದ ಇಂಗ್ಲಿಷಿಗೆ ದಾಟಿದಾಗ

ಪತ್ರ ನಾಲ್ಕೇ ಸಾಲಿನದು. ಬರೆದವರು ಚೀನಾದ ಸುಝೌ ನಗರದ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ವಯಸ್ಸು ಮೂವತ್ತು ದಾಟಿದೆ. ಎರಡು ವರ್ಷದಿಂದ ನನ್ನ ಹತ್ತಿರ ಆನ್‌ಲೈನ್‌ನಲ್ಲಿ ಇಂಗ್ಲಿಷ್ ಕಲಿಯುತ್ತಿದ್ದಾರೆ. ಇಲ್ಲಿ ಸಂಜೆ ಆರೂವರೆ ಆದಾಗ ಅಲ್ಲಿ ರಾತ್ರಿ ಒಂಬತ್ತು. ಮಗಳನ್ನು ಮಲಗಿಸಿ ಬಂದು ಪಾಠಕ್ಕೆ ಕೂರುತ್ತಾರೆ. ಈ ಪ್ರಕರಣವನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಕಂಪನಿ ಯಾವುದೂ ಬೇಡ ಎಂದರು. ಹಾಗಾಗಿ ‘ಆಕೆ’ ಎಂದಷ್ಟೇ ಕರೆಯುತ್ತೇನೆ.

ಆಕೆಯ ಕಾರ್ಖಾನೆ ಇಂಗ್ಲೆಂಡಿನಿಂದ ಒಂದು ಯಂತ್ರ ಕೊಂಡಿತ್ತು. ಅದರ ತರಬೇತಿಗೆಂದು ನಾಲ್ಕು ಜನ ಬರ್ಮಿಂಗ್‌ಹ್ಯಾಮ್‌ಗೆ ಹೋಗಿದ್ದರು. ಕೊನೆಯ ದಿನ ಆ ಇಂಗ್ಲಿಷ್ ಕಂಪನಿಯ ಮ್ಯಾನೇಜರ್ ಎಲ್ಲರನ್ನೂ ಒಳ್ಳೆಯ ಹೋಟೆಲಿಗೆ ಊಟಕ್ಕೆ ಕರೆದುಕೊಂಡು ಹೋದರು. ಮೂರು ಸುತ್ತಿನ ಊಟ, ವೈನ್, ಕೊನೆಗೆ ಸಿಹಿ. ಬಿಲ್ಲು ಎಷ್ಟಾಯಿತು ಎಂದು ಆಕೆ ನೋಡಲಿಲ್ಲ, ಆದರೆ ಮೆನುವಿನ ಬೆಲೆ ನೋಡಿದ್ದರು. ಮರುದಿನ ವಿಮಾನ ನಿಲ್ದಾಣದಲ್ಲಿ ಕೂತು ಹೀಗೆ ಬರೆದರು:

‘ಥ್ಯಾಂಕ್ ಯು ಫಾರ್ ದಿ ಎಕ್ಸ್‌ಟ್ರಾವಗೆಂಟ್ ಡಿನರ್. ಇಟ್ ವಾಸ್ ಟೂ ಲಕ್ಷುರಿಯಸ್. ವಿ ಆರ್ ವೆರಿ ಸಾರಿ ಟು ಮೇಕ್ ಯು ಸ್ಕ್ವಾಂಡರ್ ಸೋ ಮಚ್ ಮನಿ ಆನ್ ಅಸ್. ಹೋಪ್ ಟು ಸೀ ಯು ಇನ್ ಸುಝೌ.’

ವ್ಯಾಕರಣದಲ್ಲಿ ಹೇಳಿಕೊಳ್ಳುವಂಥ ತಪ್ಪಿಲ್ಲ. ಆದರೆ ಇಂಗ್ಲಿಷ್ ಮನೆಮಾತಾಗಿರುವ ಮನುಷ್ಯನ ಕಿವಿಗೆ ಇದು ಬೀಳುವುದು ಹೆಚ್ಚುಕಮ್ಮಿ ಹೀಗೆ: ದುಂದಿನ ಊಟಕ್ಕೆ ಥ್ಯಾಂಕ್ಸ್. ಆಡಂಬರ ಅತಿಯಾಯಿತು. ನಮ್ಮಿಂದಾಗಿ ನೀವು ಇಷ್ಟೊಂದು ದುಡ್ಡು ಪೋಲು ಮಾಡಬೇಕಾಯಿತು, ಕ್ಷಮಿಸಿ.

ಉತ್ತರ ಒಂದೇ ಸಾಲು ಬಂತು. ‘ಓ ಡಿಯರ್, ಐ ಹೋಪ್ ಇಟ್ ವಾಸಂಟ್ ಟೂ ಮಚ್.’ ಅಯ್ಯೋ, ಜಾಸ್ತಿ ಆಗಲಿಲ್ಲ ತಾನೆ, ಅಂತ. ಅಷ್ಟರವರೆಗೆ ಅದೇ ಮನುಷ್ಯ ಉದ್ದುದ್ದ ಪತ್ರ ಬರೆಯುತ್ತಿದ್ದರು. ಏನೋ ಎಡವಟ್ಟಾಗಿದೆ ಎಂದು ಆಕೆಗೆ ಹೊಳೆಯಿತು. ಏನೆಂದು ಮಾತ್ರ ತಿಳಿಯಲಿಲ್ಲ. ಎರಡೂ ಪತ್ರಗಳನ್ನು ನನಗೆ ಕಳಿಸಿ ಕೇಳಿದರು: “ಲಾವ್‌ಶಿ, ನಾನು ಮರ್ಯಾದೆಯಿಂದಲೇ ಬರೆದೆ ಅಲ್ವಾ?”

ಲಾವ್‌ಶಿ ಅಂದರೆ ಚೀನೀ ಭಾಷೆಯಲ್ಲಿ ಮೇಷ್ಟ್ರು.

ಆಕೆ ಹೇಳಬೇಕೆಂದಿದ್ದು

ಮೊದಲು ಕೇಳಿದ್ದು ಒಂದೇ ಪ್ರಶ್ನೆ. ಚೀನೀ ಭಾಷೆಯಲ್ಲಿ ಬರೆದಿದ್ದರೆ ಏನು ಬರೆಯುತ್ತಿದ್ದಿರಿ? ಆಕೆ ಕೂಡಲೇ ಹೇಳಿದರು: “ರಾಂಗ್ ನಿನ್ ಪೋ ಫೇ ಲ.”

‘ಪೋ’ ಅಂದರೆ ಒಡೆಯುವುದು, ಮುರಿಯುವುದು. ‘ಫೇ’ ಅಂದರೆ ಖರ್ಚು. ಎರಡೂ ಸೇರಿದರೆ, ನಮಗೋಸ್ಕರ ಇನ್ನೊಬ್ಬರು ಮಾಡಿದ ಖರ್ಚನ್ನು ಗೌರವದಿಂದ ಹೇಳುವ ಮಾತು. ಪೂರ್ತಿ ವಾಕ್ಯದ ಅರ್ಥ, ‘ನಿಮಗೆ ಖರ್ಚು ಮಾಡಿಸಿಬಿಟ್ಟೆವು’. ಊಟ ಹಾಕಿಸಿದವರಿಗೆ, ಉಡುಗೊರೆ ತಂದವರಿಗೆ ಇದನ್ನು ಹೇಳುತ್ತಾರೆ. ‘ನಿನ್’ ಅನ್ನುವುದು ‘ತಾವು’ ಅನ್ನುವಂಥ ಗೌರವದ ರೂಪ. ಖರ್ಚಿನ ಹೆಸರು ಎತ್ತುವುದೇ ಇಲ್ಲಿ ಕೃತಜ್ಞತೆ. ನೀವು ಮಾಡಿದ್ದು ನಮಗೆ ಕಾಣಿಸಿದೆ, ಅದು ಸಣ್ಣದಲ್ಲ ಎಂದು ಹೇಳುವ ರೀತಿ.

ಇದನ್ನು ಕೇಳಿದ ತಕ್ಷಣ ನನಗೆ ನಮ್ಮ ಮನೆಯ ಹಜಾರ ನೆನಪಾಯಿತು. ಯಾರಾದರೂ ಹಣ್ಣು, ಸ್ವೀಟು, ಸೀರೆ ಹಿಡಿದುಕೊಂಡು ಬಂದರೆ ಅಮ್ಮ ಹೇಳುತ್ತಿದ್ದ ಮೊದಲ ಮಾತು, “ಇದೆಲ್ಲಾ ಯಾಕೆ ತರೋಕೆ ಹೋದ್ರಿ, ಸುಮ್ನೆ ಖರ್ಚು.” ಬಂದವರು ಯಾರೂ ಬೇಜಾರು ಮಾಡಿಕೊಂಡಿದ್ದಿಲ್ಲ. ಅಮ್ಮ ತಮ್ಮ ಖರ್ಚನ್ನು ಟೀಕಿಸಿದರು ಅಂತ ಯಾರಿಗೂ ಅನ್ನಿಸಿದ್ದಿಲ್ಲ. ಕನ್ನಡದಲ್ಲೂ ಚೀನೀ ಭಾಷೆಯಲ್ಲೂ ಅತಿಥಿ ಖರ್ಚಿನ ಮಾತೆತ್ತುವುದು ಪ್ರೀತಿ. ಆಕೆಯ ಪತ್ರ ಓದಿದಾಗ ನಾನು ಅದರ ಮನಸ್ಸನ್ನು ತಕ್ಷಣ ಗುರುತಿಸಿದ್ದು ಇದರಿಂದಲೇ.

ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಅತಿಥಿ ಬಿಲ್ಲಿನ ವಿಷಯ ಎತ್ತಿದರೆ ಅದು ಲೆಕ್ಕ ಹಾಕಿದ ಹಾಗೆ. ಹೊಗಳಬೇಕಾದರೆ ಊಟವನ್ನು ಹೊಗಳುತ್ತಾರೆ, ಸಂಜೆಯನ್ನು ಹೊಗಳುತ್ತಾರೆ, ಪಟ್ಟ ಶ್ರಮವನ್ನು ಹೊಗಳುತ್ತಾರೆ. ‘ಯು ಶುಡಂಟ್ ಹ್ಯಾವ್’, ಅಂದರೆ ‘ನೀವು ಹೀಗೆ ಮಾಡಬಾರದಿತ್ತು’ ಎಂದು ಹೇಳಿ ವಾಕ್ಯವನ್ನು ಅಲ್ಲೇ ನಿಲ್ಲಿಸುತ್ತಾರೆ. ಏನು ಮಾಡಬಾರದಿತ್ತು ಎಂಬ ಜಾಗ ಖಾಲಿ. ದುಡ್ಡು ಎಂಬ ಪದ ಬರಬಾರದ ಜಾಗ ಅದು.

ಸ್ಕ್ವಾಂಡರ್ ಅಲ್ಲಿಗೆ ಹೇಗೆ ಬಂತು

ಇಲ್ಲಿ ನನ್ನ ಪಾಲೂ ಇದೆ. ಅದನ್ನು ಹೇಳದೆ ಈ ಪ್ರಕರಣ ಬರೆದರೆ ಸುಳ್ಳಾಗುತ್ತದೆ.

ಪ್ರವಾಸಕ್ಕೆ ಒಂದು ತಿಂಗಳ ಮೊದಲು ನಾನೇ ಆಕೆಗೆ ಒಂದು ಹಾಳೆ ಕೊಟ್ಟಿದ್ದೆ. ಮೇಲೆ ‘ಜಾಸ್ತಿ ಖರ್ಚು ಮಾಡುವುದು’ ಎಂಬ ತಲೆಬರಹ. ಕೆಳಗೆ ಹನ್ನೆರಡು ಪದ: ಸ್ಪ್ಲರ್ಜ್, ಸ್ಕ್ವಾಂಡರ್, ಲ್ಯಾವಿಶ್, ಬ್ಲೋ, ಎಕ್ಸ್‌ಟ್ರಾವಗೆಂಟ್, ಸ್ಪೆಂಡ್‌ಥ್ರಿಫ್ಟ್, ಹೀಗೆ. ಪಕ್ಕದಲ್ಲಿ ಆಕೆ ನಿಘಂಟು ನೋಡಿ ಚೀನೀ ಅರ್ಥ ಬರೆದುಕೊಂಡಿದ್ದರು. ಹನ್ನೆರಡರಲ್ಲಿ ನಾಲ್ಕರ ಮುಂದೆ ಒಂದೇ ಪದ ಇತ್ತು: ‘ಹ್ವೇ ಹ್ವೋ’. ಮನಸ್ಸಿಗೆ ಬಂದ ಹಾಗೆ ದುಡ್ಡು ಉಡಾಯಿಸುವುದು ಎಂದು ಅರ್ಥ. ಅಕ್ಷರದಲ್ಲೇ ಕೈ ಬೀಸುವ ಚಿತ್ರ ಇದೆ. ‘ಹ್ವೇ’ ಬರೆಯುವಾಗ ಎಡಗಡೆ ಬರುವ ಗುರುತು ‘ಕೈ’ಯದು. ನಾನು ಆ ಹಾಳೆ ನೋಡಿ, ಚೆನ್ನಾಗಿದೆ ಎಂದು ಮುಂದಕ್ಕೆ ಹೋಗಿದ್ದೆ. ನಾಲ್ಕು ಬೇರೆ ಬೇರೆ ಪದಗಳ ಮುಂದೆ ಒಂದೇ ಅರ್ಥ ಇದೆಯಲ್ಲ ಎಂದು ಅವತ್ತು ನಿಂತು ನೋಡಬೇಕಿತ್ತು.

ಎರಡನೆಯದು ಪರೀಕ್ಷೆಯ ಅಭ್ಯಾಸ. ಆಕೆ ಹಿಂದೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆದವರು. ಚೀನಾದ ಕೋಚಿಂಗ್ ತರಗತಿಗಳಲ್ಲಿ ‘ಗಾವ್ ಜಿ ತ್ಸ’ ಎಂಬ ಮಾತು ತುಂಬಾ ಓಡಾಡುತ್ತದೆ. ಮೇಲ್ಮಟ್ಟದ ಪದ ಎಂದು ಅರ್ಥ. ‘ಸ್ಪೆಂಡ್’ ಅನ್ನುವುದು ಮಕ್ಕಳ ಪದ, ಅದರ ಬದಲು ದೊಡ್ಡ ಪದ ಹಾಕಿದರೆ ಅಂಕ ಬರುತ್ತದೆ ಎಂಬ ನಂಬಿಕೆ. ಗೌರವದ ಪತ್ರಕ್ಕೆ ಗೌರವದ ಪದ ಬೇಕು ಎಂದು ಆಕೆ ‘ಸ್ಪೆಂಡ್’ ಅಳಿಸಿ ‘ಸ್ಕ್ವಾಂಡರ್’ ಹಾಕಿದ್ದರು. ಮೊದಲು ಬರೆದಿದ್ದು ‘ಸಾರಿ ಟು ಮೇಕ್ ಯು ಸ್ಪೆಂಡ್ ಸೋ ಮಚ್’ ಎಂದೇ. ಅದು ಸ್ವಲ್ಪ ವಿಚಿತ್ರವಾಗಿ ಕೇಳುತ್ತಿತ್ತೇನೋ, ಆದರೆ ಯಾರ ಮನಸ್ಸನ್ನೂ ನೋಯಿಸುತ್ತಿರಲಿಲ್ಲ.

ಮೂರನೆಯದು ಸುದ್ದಿ. ‘ಎಕ್ಸ್‌ಟ್ರಾವಗೆಂಟ್’ ಎಲ್ಲಿ ಕಲಿತಿರಿ ಎಂದು ಕೇಳಿದೆ. ಇಂಗ್ಲಿಷ್ ಪತ್ರಿಕೆಯಲ್ಲಿ ಎಂದರು. 2012ರ ಡಿಸೆಂಬರಿನಲ್ಲಿ ಚೀನಾದ ಆಳುವ ಪಕ್ಷ ಅಧಿಕಾರಿಗಳ ದುಂದಿಗೆ ಕಡಿವಾಣ ಹಾಕಲು ಎಂಟು ಅಂಶಗಳ ನಿಯಮ ತಂದಿತು. ಮುಂದಿನ ವರ್ಷ ತಟ್ಟೆ ಖಾಲಿ ಮಾಡಿ ಎಂಬ ಅಭಿಯಾನ ಶುರುವಾಯಿತು. 2020ರಲ್ಲಿ ಅದು ಮತ್ತೆ ಜೋರಾಯಿತು. 2021ರ ಏಪ್ರಿಲಿನಲ್ಲಿ ಆಹಾರ ಪೋಲು ತಡೆಯುವ ಕಾನೂನೇ ಬಂತು. ಈ ಸುದ್ದಿಗಳ ಇಂಗ್ಲಿಷ್ ರೂಪದಲ್ಲಿ ‘ಎಕ್ಸ್‌ಟ್ರಾವಗೆನ್ಸ್’ ಮತ್ತು ‘ಲ್ಯಾವಿಶ್ ಬ್ಯಾಂಕ್ವೆಟ್’ ಮತ್ತೆ ಮತ್ತೆ ಬರುತ್ತವೆ. ದೊಡ್ಡ ಊಟ ಎಂದಾಗಲೆಲ್ಲ ಆಕೆಯ ಕಣ್ಣಿಗೆ ಬಿದ್ದ ಪದಗಳು ಅವು. ಊಟದ ಜೊತೆ ಆ ಪದ ಅಂಟಿಕೊಂಡಿತು. ಅದರ ಬೆನ್ನಿಗಿದ್ದ ಬೈಗುಳ ಮಾತ್ರ ಅಂಟಲಿಲ್ಲ.

ಅಂಟದೇ ಇರಲು ಇನ್ನೂ ಒಂದು ಕಾರಣ ಆಕೆಯ ಭಾಷೆಯಲ್ಲೇ ಇದೆ. ‘ಶ ಛಿ’ ಎಂಬ ಪದ ಹಳೆಯ ಪುಸ್ತಕಗಳಲ್ಲಿ ಕೆಟ್ಟ ಗುಣದ ಹೆಸರು. ಹನ್ನೊಂದನೇ ಶತಮಾನದ ಸೀಮಾ ಗ್ವಾಂಗ್ ಎಂಬ ಇತಿಹಾಸಕಾರ ತನ್ನ ಮಗನಿಗೆ ಬರೆದ ಬುದ್ಧಿಮಾತನ್ನು ಇವತ್ತಿಗೂ ಚೀನಾದಲ್ಲಿ ಹೇಳುತ್ತಾರೆ: ಮಿತವಾದ ಬಾಳಿನಿಂದ ಆಡಂಬರಕ್ಕೆ ಹೋಗುವುದು ಸುಲಭ, ಆಡಂಬರದಿಂದ ವಾಪಸು ಬರುವುದು ಕಷ್ಟ. ಅಲ್ಲಿ ಆಡಂಬರ ಎನ್ನುವುದಕ್ಕೆ ಇರುವುದು ಇದೇ ‘ಶ’. ಆದರೆ ಇವತ್ತು ದುಬಾರಿ ಕೈಚೀಲ, ಗಡಿಯಾರ ಮಾರುವ ಅಂಗಡಿಗಳು ಮಾರುವುದನ್ನು ‘ಶ ಛಿ ಪಿನ್’ ಎನ್ನುತ್ತಾರೆ. ಲಕ್ಷುರಿ ವಸ್ತು ಅಂತ. ಅದರಲ್ಲಿ ನಿಂದೆ ಇಲ್ಲ, ಆಸೆ ಇದೆ. ಒಳ್ಳೆಯ ಊಟ ಮಾಡಿದ ಹುಡುಗಿಯರು ‘ತೈ ಶ ಛಿ ಲ’, ಅಂದರೆ ‘ತುಂಬಾ ವೈಭವ’, ಎಂದು ಖುಷಿಯಿಂದ ಹೇಳುತ್ತಾರೆ. ಹೀಗೆ ಎಕ್ಸ್‌ಟ್ರಾವಗೆಂಟ್, ಲಕ್ಷುರಿಯಸ್ ಎರಡೂ ಆಕೆಗೆ ಒಂದೇ ಪದದ ಎರಡು ಮುಖವಾಗಿ ಕಂಡವು.

ಆ ‘ತೈ’ ಕೂಡ ಕಾಟ ಕೊಟ್ಟಿತು. ‘ತೈ ಹಾವ್ ಲ’ ಅಂದರೆ ‘ತುಂಬಾ ಚೆನ್ನಾಗಿದೆ’. ನಿಘಂಟಿನಲ್ಲಿ ‘ತೈ’ ಎದುರು ಇರುವುದು ‘ಟೂ’. ಇಂಗ್ಲಿಷಿನ ‘ಟೂ’ ಹೊಗಳುವುದು ಅಪರೂಪ. ಅದು ಗೆರೆ ದಾಟಿತು ಎಂದೇ ಹೇಳುತ್ತದೆ. ‘ಟೂ ಲಕ್ಷುರಿಯಸ್’ ಎಂದರೆ ‘ತುಂಬಾ ವೈಭವವಾಗಿತ್ತು’ ಅಲ್ಲ, ‘ಅಷ್ಟು ವೈಭವ ಬೇಡವಾಗಿತ್ತು’. ಮೊದಲಿನ ‘ಸಾರಿ’ಯೂ ಅಷ್ಟೇ. ಚೀನೀ ಭಾಷೆಯ ‘ಬು ಹಾವ್ ಈ ಸ’ ಸಂಕೋಚದ ಮಾತು. ಇಂಗ್ಲಿಷಿನ ‘ವೆರಿ ಸಾರಿ’ ಏನೋ ಕೆಟ್ಟದ್ದು ನಡೆದಿದೆ ಎಂದು ಒಪ್ಪಿಕೊಳ್ಳುವ ಮಾತು.

ಯಾರು ಹೇಳಬಹುದು

ನನ್ನ ಹಳೆಯ ಹಾಳೆಯನ್ನು ಬಿಟ್ಟುಬಿಟ್ಟೆವು. ಹೊಸ ನೋಟ್‌ಬುಕ್ಕಿನಲ್ಲಿ ಮೂರು ಖಾನೆ ಎಳೆಯಲು ಹೇಳಿದೆ. ಮೊದಲನೆಯದು ಪದಕ್ಕೆ. ಎರಡನೆಯದಕ್ಕೆ ‘ಯಾರು ಹೇಳಬಹುದು’ ಎಂದು ಹೆಸರಿಟ್ಟೆವು. ಮೂರನೆಯದು ಚೀನೀ ಮಾತಿಗೆ, ಅದೂ ಮೊದಲೆರಡು ಖಾನೆ ತುಂಬಿದ ಮೇಲೆ ಮಾತ್ರ. ಜಾಸ್ತಿ ಖರ್ಚಿನ ಇಂಗ್ಲಿಷ್ ಪದಗಳಲ್ಲಿ ಮುಖ್ಯವಾದ ಸಂಗತಿ ಖರ್ಚು ಎಷ್ಟು ಎಂಬುದಲ್ಲ. ಯಾರ ದುಡ್ಡು, ಅದರ ಮೇಲೆ ತೀರ್ಪು ಕೊಡುತ್ತಿರುವವರು ಯಾರು ಎಂಬುದು. ಇದನ್ನು ನಾನು ತುಂಬಾ ಗಟ್ಟಿಯಾಗಿ ನಂಬುತ್ತೇನೆ. ಒಂದೇ ಅರ್ಥದ ಪದಗಳ ಪಟ್ಟಿ ಈ ಸಂಗತಿಯನ್ನೇ ಮುಚ್ಚಿಹಾಕುತ್ತದೆ.

ಸ್ಕ್ವಾಂಡರ್‌ನಿಂದಲೇ ಶುರು ಮಾಡಿದೆವು. 400 ವರ್ಷಗಳ ಹಿಂದೆ ಇದಕ್ಕೆ ಚದುರಿಹೋಗು, ಚೆಲ್ಲಾಪಿಲ್ಲಿಯಾಗು ಎಂಬ ಅರ್ಥವೂ ಇತ್ತು. ನಾವು ‘ದುಡ್ಡು ಚೆಲ್ಲಿದ’ ಅನ್ನುತ್ತೇವಲ್ಲ, ಹಾಗೆ. ಇವತ್ತು ಇದನ್ನು ಹೇಳುವವನು ಹೊರಗೆ ನಿಂತು ಬೆರಳು ತೋರಿಸುತ್ತಿರುತ್ತಾನೆ. ಚೆಲ್ಲಿದ್ದು ಬೆಲೆಬಾಳುವ ವಸ್ತು, ಅದರಿಂದ ಒಳ್ಳೆಯದಾಗಬಹುದಿತ್ತು, ಆಗಲಿಲ್ಲ. ಅದಕ್ಕೇ ಸಮಯವನ್ನೂ ಅವಕಾಶವನ್ನೂ ಸ್ಕ್ವಾಂಡರ್ ಮಾಡಬಹುದು. ಅಪ್ಪನ ಆಸ್ತಿಯನ್ನು ಮಗ ಸ್ಕ್ವಾಂಡರ್ ಮಾಡುತ್ತಾನೆ. ನನ್ನ ಊಟಕ್ಕೆ ನೀವು ಮಾಡಿದ ಖರ್ಚು ಸ್ಕ್ವಾಂಡರ್ ಆಗಬೇಕಾದರೆ, ನಾನು ಆ ಊಟಕ್ಕೆ ಯೋಗ್ಯಳೇ ಅಲ್ಲ ಎಂದಾಗುತ್ತದೆ. ಇಷ್ಟು ಹೇಳಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದರೆ ನಾನು ಅವರನ್ನೂ ಬೈದೆ, ನನ್ನನ್ನೂ ಬೈದುಕೊಂಡೆ” ಎಂದರು. ಹೌದು, ಸರಿಯಾಗಿ ಹಾಗೆಯೇ.

ಎಕ್ಸ್‌ಟ್ರಾವಗೆಂಟ್‌ನ ಮೂಲ ಲ್ಯಾಟಿನ್. ಹೊರಗೆ ಅಲೆಯುವುದು, ಮೇರೆ ಮೀರಿ ಹೋಗುವುದು. ಇದನ್ನೂ ಸಾಮಾನ್ಯವಾಗಿ ಬೇರೆಯವರ ಬಗ್ಗೆಯೇ ಹೇಳುವುದು. ತನ್ನ ಬಗ್ಗೆ ಹೇಳಿಕೊಂಡರೆ ಅದರಲ್ಲಿ ಸಣ್ಣ ತಪ್ಪೊಪ್ಪಿಗೆ ಇರುತ್ತದೆ.

ಲ್ಯಾವಿಶ್ ಬಂದಾಗ ನನಗೆ ಪಾಠ ಹೇಳುವ ಸುಖ ಸಿಕ್ಕಿತು. ಇದರ ಬೇರು ಹಳೆಯ ಫ್ರೆಂಚಿನದು, ಜೋರು ಮಳೆ ಎಂಬ ಪದ. ಕನ್ನಡದಲ್ಲಿ ನಾವು ‘ಉಡುಗೊರೆಗಳ ಸುರಿಮಳೆ’ ಎನ್ನುತ್ತೇವೆ. ಇಂಗ್ಲಿಷಿನಲ್ಲೂ ಉಡುಗೊರೆಯನ್ನು ಒಬ್ಬರ ‘ಮೇಲೆ’ ಲ್ಯಾವಿಶ್ ಮಾಡುತ್ತಾರೆ, ಮಳೆ ಬಿದ್ದ ಹಾಗೆ. ಪದದಲ್ಲೇ ಬೈಗುಳ ಇಲ್ಲ. ಮನೆಯವರು ಮದುವೆಗೆ ಲ್ಯಾವಿಶ್ ಆಗಿ ಊಟ ಹಾಕಿದರೆ ಅದು ಹೊಗಳಿಕೆ. ಅಧಿಕಾರಿ ಲ್ಯಾವಿಶ್ ಊಟ ಮಾಡಿದ ಎಂದು ಪತ್ರಿಕೆ ಬರೆದರೆ ಅದು ಆರೋಪ. ಪದ ಬದಲಾಗಲಿಲ್ಲ, ದುಡ್ಡಿನ ಒಡೆಯ ಬದಲಾದ. ಎರಡನೆಯದರಲ್ಲಿ ದುಡ್ಡು ಜನರದು. ಆಕೆ ಪತ್ರಿಕೆಯಿಂದ ಕಲಿತಿದ್ದರಲ್ಲ, ಅಲ್ಲಿ ಏನಾಗಿತ್ತು ಎಂಬುದು ಈಗ ಆಕೆಗೇ ಕಂಡಿತು.

ಸ್ಪ್ಲರ್ಜ್ ಇದಕ್ಕೆಲ್ಲ ತದ್ವಿರುದ್ಧ. ಅಮೆರಿಕದಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಹುಟ್ಟಿದ ಪದ. ಮಾಡಿದವರೇ ತಮ್ಮ ಬಗ್ಗೆ ಹೇಳಿಕೊಳ್ಳುವ ಮಾತು. ಯಾವತ್ತೋ ಒಂದು ಸಲ, ತನ್ನದೇ ದುಡ್ಡಿನಲ್ಲಿ, ತನ್ನ ಖುಷಿಗೆ. ಹೇಳುವಾಗಲೇ ತಮ್ಮನ್ನು ತಾವು ಕ್ಷಮಿಸಿಕೊಂಡಿರುತ್ತಾರೆ. ಮೂರನೆಯ ಖಾನೆಯಲ್ಲಿ ಆಕೆ ‘ಕಾವ್ ಲಾವ್’ ಎಂದು ಬರೆದರು. ದಣಿದವರಿಗೆ ಔತಣ ಕೊಡುವುದು, ಈಗ ‘ನನಗೆ ನಾನೇ ಬಹುಮಾನ ಕೊಟ್ಟುಕೊಳ್ಳುವುದು’ ಎಂಬ ಅರ್ಥದಲ್ಲಿ ಬಳಸುವ ಮಾತು. ‘ಕಾವ್’ ಅಕ್ಷರದಲ್ಲಿ ದನದ ಗುರುತು ಇದೆ. ಗೆದ್ದು ಬಂದ ಸೈನಿಕರಿಗೆ ದನದ ಮಾಂಸದ ಊಟ ಹಾಕುತ್ತಿದ್ದ ಕಾಲದ ನೆನಪು ಅದು. ಯಾವ ನಿಘಂಟೂ ಸ್ಪ್ಲರ್ಜ್ ಎದುರು ಇದನ್ನು ಕೊಟ್ಟಿದ್ದನ್ನು ನಾನು ನೋಡಿರಲಿಲ್ಲ. ಆಕೆಯೇ ಹುಡುಕಿಕೊಂಡರು, ಮತ್ತು ಸರಿಯಾಗಿ ಹುಡುಕಿಕೊಂಡರು.

ಉಳಿದವಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ವರ್ಷದ ಕೊನೆಯ ಬೋನಸ್ಸನ್ನು ಒಂದೇ ಏಟಿಗೆ ಫೋನಿಗೆ ಸುರಿದರೆ ‘ಬ್ಲೋ’. ದಿನಾ ಒಂದೊಂದು ಲೋಟ ಹಾಲು ಚಹಾ ಕುಡಿದು ಸಂಬಳ ಕರಗಿಸಿದರೆ ‘ಫ್ರಿಟರ್ ಅವೇ’. ತಿಂಗಳ ಸಂಬಳ ತಿಂಗಳೊಳಗೇ ಖಾಲಿ ಮಾಡುವ ಹುಡುಗ ಹುಡುಗಿಯರಿಗೆ ಚೀನಾದಲ್ಲಿ ‘ಯ್ವೆ ಗ್ವಾಂಗ್ ತ್ಸು’ ಎಂದು ಹೆಸರು. ಬೆಳದಿಂಗಳ ಕುಲ! ಬೆಳದಿಂಗಳು ಎಂಬ ಆ ಚೀನೀ ಪದವನ್ನೇ ಬಿಡಿಸಿ ಓದಿದರೆ ‘ತಿಂಗಳು ಖಾಲಿ’ ಎಂದಾಗುತ್ತದೆ. ಕನ್ನಡದ ‘ತಿಂಗಳು’ ಕೂಡ ಚಂದ್ರನೂ ಹೌದು, ಮಾಸವೂ ಹೌದು ಎಂದು ನಾನು ಹೇಳಿದೆ. ಇಂಗ್ಲಿಷಿನವರು ಸಂಬಳದಿಂದ ಸಂಬಳಕ್ಕೆ ಬದುಕುವುದು ಎಂದಷ್ಟೇ ಹೇಳುತ್ತಾರೆ, ಅದರಲ್ಲಿ ಬಡತನವೂ ಸೇರಿರಬಹುದು. ಆ ಚಂದ್ರ ಅಲ್ಲಿಗೆ ದಾಟುವುದಿಲ್ಲ.

ಸ್ಪೆಂಡ್‌ಥ್ರಿಫ್ಟ್ ಎಂಬ ಒಗಟು

ಈ ಪದಕ್ಕೆ ಒಂದು ಇಡೀ ಪಾಠ ಹಿಡಿಯಿತು. ಅದಕ್ಕೆ ನನಗೆ ಬೇಸರವಿಲ್ಲ.

ಆಕೆಯ ನೋಟ್‌ಬುಕ್ಕಿನಲ್ಲಿ ಸ್ಪೆಂಡ್‌ಥ್ರಿಫ್ಟ್ ಎದುರು ‘ಲೆಕ್ಕ ಹಾಕಿ ಖರ್ಚು ಮಾಡುವವನು’ ಎಂದಿತ್ತು. ಯಾಕೆಂದರೆ ‘ಥ್ರಿಫ್ಟ್’ ಅಂದರೆ ಮಿತವ್ಯಯ ಎಂದು ಆಕೆ ಕಲಿತಿದ್ದರು. ಚೀನೀ ಮಾತಾಡುವ ಬೇರೆ ವಿದ್ಯಾರ್ಥಿಗಳೂ ಇದೇ ತಪ್ಪು ಮಾಡಿದ್ದನ್ನು ನೋಡಿದ್ದೇನೆ. ಕನ್ನಡದವರೂ ಮಾಡುತ್ತಾರೆ. ತರ್ಕವೇನೋ ಸರಿಯಾಗಿಯೇ ಇದೆ.

ಥ್ರಿಫ್ಟ್ ಮೊದಲು ಮಿತವ್ಯಯ ಆಗಿರಲಿಲ್ಲ. ‘ಥ್ರೈವ್’, ಅಂದರೆ ಏಳಿಗೆಯಾಗು ಎಂಬ ಪದದಿಂದ ಬಂದದ್ದು. ಏಳಿಗೆ, ಸಂಪತ್ತು, ಕೂಡಿಟ್ಟ ಗಂಟು ಎಂಬುದು ಹಳೆಯ ಅರ್ಥ. ಮಿತವ್ಯಯ ಎಂಬ ಅರ್ಥ ಆಮೇಲೆ ಬಂತು. ಸ್ಪೆಂಡ್‌ಥ್ರಿಫ್ಟ್ ಅಂದರೆ ಗಂಟು ಖರ್ಚು ಮಾಡುವವನು. ಇಂಗ್ಲಿಷಿನಲ್ಲಿ ಹೀಗೆ ಕ್ರಿಯಾಪದ ಮುಂದೆ, ವಸ್ತು ಹಿಂದೆ ಕೂತು ಮನುಷ್ಯನ ಹೆಸರಾಗುವ ಪದಗಳು ಕೆಲವೇ. ಪಿಕ್‌ಪಾಕೆಟ್ ಜೇಬು ಕತ್ತರಿಸುವವನು. ಕಟ್‌ಥ್ರೋಟ್ ಕತ್ತು ಕುಯ್ಯುವವನು. ಹೆಚ್ಚಿನವು ಕೆಟ್ಟ ಕೆಲಸದವರ ಹೆಸರು ಎಂಬುದನ್ನು ಗಮನಿಸಿ.

ಇಲ್ಲಿ ಆಕೆಗೆ ಒಮ್ಮೆಲೇ ಬೆಳಕು ಬಿತ್ತು. “ಲಾವ್‌ಶಿ, ಇದು ಬೈ ಜಿಯಾ!” ಎಂದು ಕೂಗಿದರು. ‘ಬೈ’ ಅಂದರೆ ಹಾಳು ಮಾಡು, ‘ಜಿಯಾ’ ಅಂದರೆ ಮನೆ. ದುಂದುಗಾರ ಮಗನನ್ನು ‘ಬೈ ಜಿಯಾ ತ್ಸ’ ಎಂದು ಬೈಯುತ್ತಾರೆ. ಚೀನೀ ಭಾಷೆಯಲ್ಲೂ ಕ್ರಿಯೆ ಮುಂದೆ, ವಸ್ತು ಹಿಂದೆ. ಇಂಗ್ಲಿಷಿನಲ್ಲಿ ಅಪರೂಪವಾದ ಕಟ್ಟಣೆ ಚೀನೀ ಭಾಷೆಯಲ್ಲಿ ದಿನನಿತ್ಯದ್ದು. ನನಗಾದರೆ ನಮ್ಮ ‘ಮನೆಹಾಳ’ ನೆನಪಾಯಿತು. ನಮ್ಮಲ್ಲಿ ಮನೆ ಮುಂದೆ, ಹಾಳು ಹಿಂದೆ. ಬೈಯುವ ಬಿಸಿ ಮಾತ್ರ ಅದೇ. ಅವತ್ತಿನಿಂದ ಆಕೆ ಈ ಪದವನ್ನು ಮರೆತಿಲ್ಲ.

ಆದರೆ ಒಂದು ಎಚ್ಚರಿಕೆ ಕೊಡಬೇಕಾಯಿತು. ‘ಬೈ ಜಿಯಾ’ ಈಗ ಗೆಳತಿಯರ ನಡುವೆ ಸಲಿಗೆಯ ಮಾತೂ ಹೌದು. ‘ಇವತ್ತು ಮತ್ತೆ ಬೈ ಜಿಯಾ ಮಾಡಿದೆ’ ಎಂದರೆ ‘ಮತ್ತೆ ಏನೋ ಕೊಂಡೆ’ ಅಂತ. ಸ್ಪೆಂಡ್‌ಥ್ರಿಫ್ಟ್‌ಗೆ ಆ ಸಲಿಗೆ ಇಲ್ಲ. ಅದು ಪುಸ್ತಕದ ವಾಸನೆಯ ಹಳೆಯ ಪದ. ಗೆಳತಿಯ ಹತ್ತಿರ ಹೇಳುವುದಕ್ಕೆ ಸ್ಪ್ಲರ್ಜ್ ಇದೆ.

‘ಡುವೋ ಶೋ’ ಎಂಬ ಇನ್ನೊಂದು ಮಾತಿಗೂ ಎಚ್ಚರಿಕೆ ಬೇಕು. ಅದರ ಅರ್ಥ ಕೈ ಕತ್ತರಿಸು. ನವೆಂಬರ್ 11, ನಾಲ್ಕು ಒಂದುಗಳ ದಿನ. ಚೀನಾದಲ್ಲಿ ಅದು ಒಂಟಿ ಹುಡುಗರ ಹಬ್ಬವಾಗಿತ್ತು. 2009ರಲ್ಲಿ ಅಲಿಬಾಬಾ ಕಂಪನಿ ಆ ದಿನ ರಿಯಾಯಿತಿ ಮಾರಾಟ ಶುರು ಮಾಡಿತು. ಈಗ ಅದು ಲೋಕದ ಅತಿ ದೊಡ್ಡ ಆನ್‌ಲೈನ್ ಸಂತೆಗಳಲ್ಲಿ ಒಂದು. ರಾತ್ರಿಯೆಲ್ಲಾ ಕೊಂಡು, ಬೆಳಿಗ್ಗೆ ಬಿಲ್ಲು ನೋಡಿ, ಇನ್ನೊಂದು ಸಲ ಕೊಂಡರೆ ಕೈ ಕತ್ತರಿಸಿಕೊಳ್ಳುತ್ತೇನೆ ಎಂದು ಹೇಳುವುದರಿಂದ ಬಂದ ಮಾತು ಇದು. ಆಕೆ ಒಮ್ಮೆ ಬರ್ಮಿಂಗ್‌ಹ್ಯಾಮ್‌ನಲ್ಲೇ ‘ಐ ವಾಂಟ್ ಟು ಚಾಪ್ ಮೈ ಹ್ಯಾಂಡ್’ ಎಂದು ಹೇಳಿದ್ದರಂತೆ. ಎದುರಿಗಿದ್ದವರು ಗಾಬರಿಯಾದರು. ಇಂಗ್ಲಿಷಿನವರು ಕತ್ತರಿಸುವುದು ಕೈಯನ್ನಲ್ಲ, ಕ್ರೆಡಿಟ್ ಕಾರ್ಡನ್ನು ಎಂದು ಹೇಳಿಕೊಟ್ಟೆ. ‘ಸಮ್‌ವನ್ ಕಟ್ ಅಪ್ ಮೈ ಕಾರ್ಡ್ಸ್.’ ಅದೇ ಪಶ್ಚಾತ್ತಾಪ, ಬೇರೆ ವಸ್ತು.

ಹವಳದ ಗಿಡ

ಪದಗಳು ಬಾಯಿಗೆ ಹತ್ತಲು ಕತೆ ಬೇಕು. ಇಂಗ್ಲಿಷ್ ಕತೆ ಬೇಡ, ನಿಮ್ಮದೇ ಕತೆ ಹೇಳಿ ಎಂದೆ. ಆಕೆ ಶ ಛುಂಗ್ ಮತ್ತು ವಾಂಗ್ ಕೈ ಕತೆ ಹೇಳಿದರು. ಮೂರನೇ ಶತಮಾನದ ಕೊನೆ, ಪಶ್ಚಿಮ ಜಿನ್ ಅರಸರ ಕಾಲ. ಯಾರು ಹೆಚ್ಚು ಶ್ರೀಮಂತ ಎಂದು ಇಬ್ಬರಿಗೂ ಪೈಪೋಟಿ. ವಾಂಗ್ ಕೈ ಸಕ್ಕರೆ ಪಾಕದಲ್ಲಿ ಬಾಣಲೆ ತೊಳೆಸಿದ. ಶ ಛುಂಗ್ ಸೌದೆಯ ಬದಲು ಮೇಣದ ಬತ್ತಿ ಉರಿಸಿದ. ಒಬ್ಬ ದಾರಿಯ ಎರಡೂ ಬದಿಗೆ 40 ಲಿ (ಲಿ ಅಂದರೆ ಚೀನಾದ ಹಳೆಯ ಅಳತೆ, ಹತ್ತಿರಹತ್ತಿರ ಅರ್ಧ ಕಿಲೋಮೀಟರ್) ಉದ್ದ ರೇಷ್ಮೆ ಪರದೆ ಕಟ್ಟಿಸಿದರೆ, ಇನ್ನೊಬ್ಬ 50 ಲಿ ಕಟ್ಟಿಸಿದ. ವಾಂಗ್ ಕೈ ಚಕ್ರವರ್ತಿಯ ಸೋದರಮಾವ. ಅವನು ಸೋಲಬಾರದೆಂದು ಚಕ್ರವರ್ತಿಯೇ ಎರಡಡಿ ಎತ್ತರದ ಹವಳದ ಗಿಡ ಕೊಟ್ಟ. ಶ ಛುಂಗ್ ಅದನ್ನು ಕಬ್ಬಿಣದ ದಂಡದಿಂದ ಪುಡಿ ಮಾಡಿ, ಬೇಜಾರು ಮಾಡಿಕೊಳ್ಳಬೇಡ ಎಂದು ತನ್ನ ಮನೆಯಿಂದ ಅದಕ್ಕಿಂತ ದೊಡ್ಡ ಹವಳಗಳನ್ನು ತರಿಸಿ ಸಾಲಾಗಿ ನಿಲ್ಲಿಸಿದ. ಕ್ರಿ.ಶ. 300ರಲ್ಲಿ ಶ ಛುಂಗ್‌ನ ತಲೆ ಹೋಯಿತು. ಅದಕ್ಕೆ ಅವನ ಸಂಪತ್ತೂ ಒಂದು ಕಾರಣ.

ಕತೆ ಮುಗಿದ ಮೇಲೆ ಆಕೆ ಪದಗಳನ್ನು ಹಂಚತೊಡಗಿದರು. ಸಕ್ಕರೆ ಪಾಕ ‘ವೇಸ್ಟ್’. ರೇಷ್ಮೆ ಪರದೆ ‘ಎಕ್ಸ್‌ಟ್ರಾವಗೆಂಟ್’, ಮೇರೆ ಮೀರಿದ್ದು. ಚಕ್ರವರ್ತಿ ಮಾವನ ಮೇಲೆ ಉಡುಗೊರೆ ‘ಲ್ಯಾವಿಶ್’ ಮಾಡಿದ. ಹವಳ ಒಡೆದದ್ದು? ಅದಕ್ಕೆ ತಡವರಿಸಿದರು. ಸ್ಕ್ವಾಂಡರ್ ಎನ್ನಬಹುದೇ ಎಂದು ಕೇಳಿ, ತಾವೇ ಬೇಡ ಎಂದರು. “ಅವನು ತನ್ನದನ್ನು ಚೆಲ್ಲಲಿಲ್ಲ. ಬೇರೆಯವರದ್ದನ್ನು ಒಡೆದ.” ಪ್ರವಾಸಕ್ಕೆ ಮುಂಚೆ ನಾಲ್ಕು ಪದಕ್ಕೆ ಒಂದೇ ಅರ್ಥ ಬರೆದಿದ್ದವರು ಈಗ ಯಾವ ಪದ ಹೊಂದುವುದಿಲ್ಲ ಎಂದು ಹೇಳುತ್ತಿದ್ದರು. ಪಾಠದಲ್ಲಿ ನನಗೆ ಅದಕ್ಕಿಂತ ಹೆಚ್ಚು ಏನೂ ಬೇಕಿರಲಿಲ್ಲ.

ಎರಡನೆಯ ಪತ್ರ

ಬರ್ಮಿಂಗ್‌ಹ್ಯಾಮ್‌ಗೆ ಮತ್ತೆ ಬರೆಯಬೇಕೋ ಬೇಡವೋ ಎಂದು ಆಕೆ ಯೋಚಿಸುತ್ತಿದ್ದರು. ಬಿಟ್ಟರೆ ಅಲ್ಲಿಗೇ ಮರೆತುಹೋಗಬಹುದು ಎಂದು ಒಂದು ಮನಸ್ಸು. ನಾನು ಬರೆಯಿರಿ ಎಂದೆ. ಆ ಮನುಷ್ಯ ತಾನು ಅತಿ ಮಾಡಿದೆನೇನೋ ಎಂದು ಅಂದುಕೊಂಡಿದ್ದಾರೆ. ಅದನ್ನು ಹಾಗೇ ಬಿಡುವುದು ಸರಿಯಲ್ಲ.

ಪತ್ರ ಆಕೆಯದೇ. ನಾನು ತಿದ್ದಿದ್ದು ಒಂದೇ ಜಾಗದಲ್ಲಿ. ‘ಅವತ್ತಿನ ಸಂಜೆಯನ್ನು ನಾವು ಇನ್ನೂ ನೆನೆಸಿಕೊಳ್ಳುತ್ತಿದ್ದೇವೆ. ಯು ರಿಯಲಿ ಸ್ಪಾಯಿಲ್ಟ್ ಅಸ್. ಚೀನೀ ಭಾಷೆಯಲ್ಲಿ ಊಟ ಹಾಕಿದವರಿಗೆ, ನಿಮಗೆ ಖರ್ಚು ಮಾಡಿಸಿದೆವು ಎಂದು ಹೇಳಿ ಥ್ಯಾಂಕ್ಸ್ ಹೇಳುತ್ತೇವೆ. ನಾನು ಅದನ್ನು ಇಂಗ್ಲಿಷಿಗೆ ತರಲು ಹೋಗಿ ತಪ್ಪು ಪದ ಆರಿಸಿದೆ.’ ‘ಸ್ಪಾಯಿಲ್ಟ್ ಅಸ್’ ಅಂದರೆ ನಮ್ಮನ್ನು ಮುದ್ದು ಮಾಡಿ ಕೆಡಿಸಿದಿರಿ. ‘ಪೋ ಫೇ’ಯಲ್ಲಿ ಒಡೆದದ್ದು ಖರ್ಚು ಮಾಡಿದವರ ಚೀಲ. ಇಂಗ್ಲಿಷಿನಲ್ಲಿ ಕೆಟ್ಟುಹೋದದ್ದು ಊಟ ಮಾಡಿದವರು. ದುಡ್ಡಿನ ಮಾತೇ ಇಲ್ಲದೆ ಅದೇ ಕೃತಜ್ಞತೆ.

ಉತ್ತರ ಈ ಸಲ ಉದ್ದಕ್ಕೆ ಬಂತು. ಊಟದ ಬಗ್ಗೆ, ಯಂತ್ರದ ಬಗ್ಗೆ, ಶರತ್ಕಾಲದಲ್ಲಿ ಸುಝೌಗೆ ಬರುವ ಬಗ್ಗೆ.

ಬಂದರು ಕೂಡ. ಆಗ ಯಾಂಗ್‌ಚೆಂಗ್ ಸರೋವರದ ಏಡಿಯ ಕಾಲ. ಸುಝೌ ಬಳಿಯ ಆ ಸರೋವರದ ಏಡಿಗೆ ಚೀನಾದಲ್ಲೆಲ್ಲಾ ಹೆಸರು, ಬೆಲೆಯೂ ಅಷ್ಟೇ. ಆಕೆಯ ಕಂಪನಿ ಏಡಿ, ಸಿಹಿಹುಳಿ ಗೊಜ್ಜಿನ ಮೀನು, ಇನ್ನೂ ಹತ್ತು ಬಗೆ ತರಿಸಿತು. ಉಳಿದದ್ದನ್ನು ಡಬ್ಬಿಗೆ ತುಂಬಿಸಿಕೊಂಡರು. ಎದ್ದು ಹೊರಡುವಾಗ ಆ ಮ್ಯಾನೇಜರ್ ಆಕೆಯ ಕಡೆ ತಿರುಗಿ, ‘ಯು ಹ್ಯಾವ್ ರಿಯಲಿ ಪುಶ್ಡ್ ದ ಬೋಟ್ ಔಟ್’ ಎಂದರು. ಆಕೆ ನಗುತ್ತಾ ‘ನಾಟ್ ಅಟ್ ಆಲ್’ ಎಂದರು. ರಾತ್ರಿ ನನಗೆ ಮೆಸೇಜ್ ಬಂತು: “ಲಾವ್‌ಶಿ, ದೋಣಿ ತಳ್ಳಿದೆ ಅಂದರೆ ಏನು? ಅವರ ಮುಖ ನೋಡಿದರೆ ಬೈಗುಳ ಅನ್ನಿಸಲಿಲ್ಲ.”

ಅಲ್ಲ ಎಂದು ಬರೆದೆ. ಬ್ರಿಟನ್ನಿನ ಮಾತು ಅದು. ನಮಗಾಗಿ ಕೈ ಬಿಚ್ಚಿ ಖರ್ಚು ಮಾಡಿದಿರಿ ಎಂದು ಅರ್ಥ, ಬೈಗುಳ ಒಂದಿಷ್ಟೂ ಇಲ್ಲದೆ. ಇಂಗ್ಲಿಷಿನಲ್ಲಿ ಅತಿಥಿ ಖರ್ಚಿನ ಮಾತೆತ್ತುವುದೇ ಇಲ್ಲ ಎಂದು ಕಲಿಸಿದ್ದೆನಲ್ಲ, ಅದು ಪೂರ್ತಿ ಸರಿಯಲ್ಲ ಎಂದೂ ಬರೆದೆ. ಇಂಥ ಒಂದು ಸಂದು ಅಲ್ಲೂ ಇದೆ.

ಮುಂದಿನ ಪಾಠದಲ್ಲಿ ಆಕೆ ನೋಟ್‌ಬುಕ್ಕನ್ನು ಕ್ಯಾಮೆರಾಕ್ಕೆ ಹಿಡಿದರು. ಮೊದಲ ಖಾನೆಯಲ್ಲಿ ದೋಣಿ. ಎರಡನೆಯದರಲ್ಲಿ ‘ಅತಿಥಿ’. ಮೂರನೆಯದರಲ್ಲಿ ಎರಡೇ ಅಕ್ಷರ: ಪೋ ಫೇ.